ಉಕ್ಕಿನ ಅಚ್ಚು, ಕರಗಿದ ಲೋಹ: ಡೈ ಕಾಸ್ಟಿಂಗಿನ ಬಗೆಗಳು ಮತ್ತು ಬಳಕೆ

(ಡಿಪ್ಲೊಮಾ ವಿದ್ಯಾರ್ಥಿಗಳೂ ಸಣ್ಣ ಕಾರ್ಖಾನೆಗಳ ಕೆಲಸಗಾರರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಬರೆಯುವಾಗ ಕೆಲವು ಕಡೆ ವಿಸ್ತರಿಸಿದ್ದೇನೆ, ಹೇಳಿದ್ದನ್ನೇ ಹೇಳಿದ ಕಡೆಗಳಲ್ಲಿ ಕತ್ತರಿಸಿದ್ದೇನೆ.)

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡಿದವರಿಗೆ ನಾನು ಈಗ ಹೇಳಲಿರುವುದರ ಅರ್ಧ ಭಾಗ ಮೊದಲೇ ಗೊತ್ತು. ಮರದ ಅಚ್ಚಿನ ತುಂಡುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಹದವಾದ ಪಾಕವನ್ನು ತೂತಿನಿಂದ ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಆನೆಯೋ ಗೋಪುರವೋ ಹೊರಬರುತ್ತದೆ. ಅದೇ ಅಚ್ಚನ್ನು ಮತ್ತೆ ಕಟ್ಟಿ ಇನ್ನೊಂದು ಆನೆ ತೆಗೆಯಬಹುದು. ಪಾಕ ತೆಳುವಾದರೆ ಅಚ್ಚಿನ ಸಂದಿಯಲ್ಲಿ ಸೋರುತ್ತದೆ, ಮಂದವಾದರೆ ಸೊಂಡಿಲಿನ ತುದಿ ತುಂಬುವುದಿಲ್ಲ, ಅವಸರದಲ್ಲಿ ಬಿಚ್ಚಿದರೆ ಕಾಲು ಮುರಿಯುತ್ತದೆ. ಹೊಯ್ದ ತೂತಿನ ಬಾಯಲ್ಲಿ ಒಂದು ಸಣ್ಣ ಕುಳಿ ಬೀಳುವುದನ್ನೂ ನೀವು ನೋಡಿರಬಹುದು. ಪಾಕ ಗಟ್ಟಿಯಾಗುವಾಗ ಕುಗ್ಗುವುದರ ಗುರುತು ಅದು.

ಮರದ ಜಾಗದಲ್ಲಿ ಉಕ್ಕನ್ನೂ ಪಾಕದ ಜಾಗದಲ್ಲಿ ಕರಗಿದ ಅಲ್ಯೂಮಿನಿಯಮ್ಮನ್ನೂ ಇಟ್ಟರೆ ಅದು ಗ್ರಾವಿಟಿ ಡೈ ಕಾಸ್ಟಿಂಗ್. ನಮ್ಮ ಕಾರ್ಖಾನೆಗಳ ಭಾಷೆಯಲ್ಲಿ ಜಿಡಿಸಿ. ಮರಳಿನ ಎರಕಕ್ಕೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಅಚ್ಚಿನ ಆಯುಷ್ಯದಲ್ಲಿದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಹೊಯ್ಯುವ ಬೀಡುಕಬ್ಬಿಣದ ಪ್ರತಿಯೊಂದು ಎರಕಕ್ಕೂ ಒಂದೊಂದು ಮರಳಿನ ಅಚ್ಚನ್ನು ಕಟ್ಟಿ, ಒಡೆಯಬೇಕು. ಡೈ ಎಂದರೆ ಮತ್ತೆ ಮತ್ತೆ ಬಳಸುವ ಲೋಹದ ಅಚ್ಚು. ಶ್ಯಾವಿಗೆ ಒರಳಿನ ಬಿಲ್ಲೆಯಂಥ ತೂತಿನ ಮೂಲಕ ಲೋಹವನ್ನು ಒತ್ತಿ ಕಿಟಕಿಯ ಪಟ್ಟಿಗಳನ್ನು ತೆಗೆಯುವ ಎಕ್ಸ್‌ಟ್ರೂಷನ್ನಿನಲ್ಲಿಯೂ ಡೈ ಎಂಬ ಮಾತು ಇದೆ, ಆದರೆ ಅದು ಬೇರೆಯೇ ವಿದ್ಯೆ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಈ ಎರಡೂ ಬೆರೆತುಹೋಗುವುದನ್ನು ಬಹಳ ಸಲ ಕಂಡಿದ್ದೇನೆ.

ಪಠ್ಯಪುಸ್ತಕಗಳು ಡೈ ಕಾಸ್ಟಿಂಗಿನ ಬಗೆಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡುತ್ತವೆ: ಹಾಟ್ ಚೇಂಬರ್, ಕೋಲ್ಡ್ ಚೇಂಬರ್, ಗ್ರಾವಿಟಿ, ಲೋ ಪ್ರೆಷರ್, ವ್ಯಾಕ್ಯೂಮ್, ಸ್ಕ್ವೀಜ್. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಡೈಗಳನ್ನು ತಯಾರಿಸುವ ಟೂಲ್ ರೂಮಿನಲ್ಲಿ ಅವುಗಳ ಜೊತೆ ಬಹುಕಾಲ ಕಳೆದ ನನಗೆ ಆ ಪಟ್ಟಿ ಎರಡು ಜಗಳಗಳ ಕಥೆಯಾಗಿ ಕಾಣುತ್ತದೆ. ಒಂದು, ಕರಗಿದ ಲೋಹಕ್ಕೂ ಕಬ್ಬಿಣಕ್ಕೂ ನಡೆಯುವ ಜಗಳ. ಇನ್ನೊಂದು, ಲೋಹಕ್ಕೂ ಅಚ್ಚಿನೊಳಗಿನ ಗಾಳಿಗೂ ನಡೆಯುವ ಜಗಳ. ಎದುರಿಗೊಂದು ಭಾಗವನ್ನಿಟ್ಟು ಇದನ್ನು ಯಾವ ಬಗೆಯಲ್ಲಿ ಎರಕ ಹೊಯ್ಯಬೇಕು ಎಂದು ಕೇಳಿದರೆ, ಈ ಎರಡನ್ನೂ ವಿಚಾರಿಸಿದ ಮೇಲೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ಸಿಗುತ್ತದೆ.

ಮೊದಲ ಜಗಳ ಆರಂಭದಲ್ಲಿ ಇರಲೇ ಇಲ್ಲ. ಒತ್ತಡದಿಂದ ಲೋಹವನ್ನು ಅಚ್ಚಿಗೆ ತುಂಬುವ ವಿದ್ಯೆ ಹುಟ್ಟಿದ್ದು ವಾಹನಗಳಿಗಾಗಿ ಅಲ್ಲ, ಅಚ್ಚುಮೊಳೆಗಳಿಗಾಗಿ. ಮುದ್ರಣದ ಮೊಳೆಗಳನ್ನು ಎರಕ ಹೊಯ್ಯಲು ಕೈಯಿಂದ ನಡೆಸುವ ಯಂತ್ರಕ್ಕೆ ಅಮೆರಿಕದಲ್ಲಿ 1849ರಲ್ಲಿ ಪೇಟೆಂಟ್ ಸಿಕ್ಕಿತು. 1880ರ ದಶಕದಲ್ಲಿ ಒಟ್‌ಮಾರ್ ಮರ್ಗೆಂಥಾಲರ್ ರೂಪಿಸಿದ ಲೈನೋಟೈಪ್ ಒಂದು ಇಡೀ ಸಾಲನ್ನೇ ಒಮ್ಮೆಗೆ ಎರಕ ಹೊಯ್ಯತೊಡಗಿತು. ಅಲ್ಲಿ ಬಳಸುತ್ತಿದ್ದದ್ದು ಸೀಸ, ತವರ, ಆಂಟಿಮನಿಗಳ ಮಿಶ್ರಲೋಹ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ಆದ್ದರಿಂದ ಲೋಹವನ್ನು ಒತ್ತುವ ಪಂಪನ್ನು ಕರಗಿದ ಲೋಹದೊಳಗೇ ಮುಳುಗಿಸಿಡಬಹುದಿತ್ತು. ಇಂದಿನ ಹಾಟ್ ಚೇಂಬರ್ ಯಂತ್ರದ ತತ್ತ್ವವೂ ಅದೇ. ಕುಲುಮೆಯ ಲೋಹದಲ್ಲಿ ಮುಳುಗಿರುವ, ಬಾತುಕೋಳಿಯ ಕತ್ತಿನಂತೆ ಬಾಗಿದ ಕೊಳವೆಯೊಂದರಲ್ಲಿ ಪ್ಲಂಜರ್ ಎಂಬ ಒತ್ತುದಂಡ ಕೆಳಗಿಳಿದಾಗ ಲೋಹ ನೇರವಾಗಿ ಡೈಗೆ ಹೋಗುತ್ತದೆ. ಸವುಟಿನಿಂದ ಮೊಗೆದು ಹೊಯ್ಯುವ ಕೆಲಸವಿಲ್ಲ, ಲೋಹಕ್ಕೆ ಗಾಳಿ ತಾಗುವುದು ಕಡಿಮೆ, ಸುತ್ತು ಬೇಗ ಮುಗಿಯುತ್ತದೆ.

ಸೀಸದ ನಂತರ ಈ ಯಂತ್ರದ ದೊರೆಯಾದದ್ದು ಸತುವು. ಸುಮಾರು 4 ಶೇಕಡ ಅಲ್ಯೂಮಿನಿಯಂ ಸೇರಿಸಿದ ಸತುವಿನ ಮಿಶ್ರಲೋಹಗಳಿಗೆ ಜಮಾಕ್ ಎಂದು ಹೆಸರು. ಸತುವು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರಗಳ ಜರ್ಮನ್ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಆದ ಪದವದು. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರ ಸುಮಾರಿಗೆ ಇವನ್ನು ಸಿದ್ಧಪಡಿಸಿತು. ಅದಕ್ಕೂ ಮುಂಚೆ ಸತುವಿನ ಎರಕಗಳಿಗೆ ಒಂದು ವಿಚಿತ್ರ ರೋಗವಿತ್ತು. ಮಾಡಿದಾಗ ನುಣುಪಾಗಿ ಹೊಳೆಯುತ್ತಿದ್ದ ಆಟಿಕೆ ರೈಲು ಕೆಲವು ವರ್ಷಗಳಲ್ಲಿ ಬಿರುಕು ಬಿಟ್ಟು, ಉಬ್ಬಿ, ಕೊನೆಗೆ ಕೈಯಲ್ಲಿ ಹಿಡಿದರೆ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಸತುವಿನಲ್ಲಿ ಲವಲೇಶವಾಗಿ ಉಳಿದ ಸೀಸ, ತವರ, ಕ್ಯಾಡ್ಮಿಯಂಗಳು ಕಣಗಳ ಅಂಚಿನಲ್ಲಿ ಸೇರಿಕೊಂಡು ತೇವದ ಜೊತೆ ಒಳಗಿಂದೊಳಗೇ ಸವೆಸುತ್ತಿದ್ದವು. ಮದ್ದು ಸರಳವೇ, ಆದರೆ ದುಬಾರಿ: 99.99 ಶೇಕಡ ಶುದ್ಧವಾದ ಸತುವನ್ನೇ ಬಳಸುವುದು. ಇಂದಿಗೂ ಸತುವಿನ ಡೈ ಕಾಸ್ಟಿಂಗ್ ನಡೆಯುವ ಕಡೆ ಬೇರೆ ಲೋಹದ ಗುಜರಿ ಮೂಸೆಗೆ ಬೀಳದಂತೆ ಕಾಯುತ್ತಾರೆಂದರೆ ಅದಕ್ಕೆ ಇದೇ ಕಾರಣ.

ಸತುವು ಬಹಳ ತೆಳ್ಳಗೆ ಹರಿಯುತ್ತದೆ. ಒಂದು ಮಿಲಿಮೀಟರಿಗಿಂತ ತೆಳುವಾದ ಗೋಡೆಗಳನ್ನೂ ಸಲೀಸಾಗಿ ತುಂಬುತ್ತದೆ, ಅದರ ಮೇಲೆ ಕ್ರೋಮ್ ಲೇಪನ ಚೆನ್ನಾಗಿ ಕೂರುತ್ತದೆ. ಹೊಯ್ಯುವ ಉಷ್ಣತೆ 420 ಡಿಗ್ರಿಯ ಆಸುಪಾಸು ಇರುವುದರಿಂದ ಡೈ ಹಲವು ಲಕ್ಷ ಶಾಟ್‌ಗಳಿಗೆ (ಒಂದು ಸಲ ಲೋಹ ತುಂಬಿ ಎರಕ ತೆಗೆಯುವುದೇ ಒಂದು ಶಾಟ್) ಬಾಳುತ್ತದೆ. ನಿಮ್ಮ ಚೀಲದ ಜಿಪ್ಪಿನ ಓಡುಗ, ಬಾಗಿಲಿನ ಹಿಡಿ, ಬೀಗದ ಒಳಭಾಗಗಳು, ನಲ್ಲಿಯ ತಿರುಗುಹಿಡಿ ಇವುಗಳಲ್ಲಿ ಬಹುಪಾಲು ಸತುವಿನವೇ. ಅದಕ್ಕೆ ಎರಡು ದೌರ್ಬಲ್ಯಗಳಿವೆ: ತೂಕ ಅಲ್ಯೂಮಿನಿಯಮ್ಮಿನ ಎರಡೂವರೆ ಪಟ್ಟು, ಬಿಸಿಯಲ್ಲಿ ಭಾರ ಹೊತ್ತರೆ ನಿಧಾನವಾಗಿ ಜಗ್ಗುತ್ತದೆ. ಎಂಜಿನ್ನಿನ ಹತ್ತಿರ ಅದನ್ನು ಇಡಲಾಗುವುದಿಲ್ಲ.

ಕಬ್ಬಿಣದೊಂದಿಗಿನ ಜಗಳ ಶುರುವಾದದ್ದು ಅಲ್ಯೂಮಿನಿಯಂ ಬಂದಾಗ. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ತಿನ್ನುತ್ತದೆ. ಹಾಟ್ ಚೇಂಬರಿನ ಪಂಪನ್ನು ಅದರಲ್ಲಿ ಮುಳುಗಿಸಿಟ್ಟರೆ ಪಂಪೇ ಕರಗಿ ಲೋಹದೊಳಗೆ ಸೇರುತ್ತದೆ. ಆದ್ದರಿಂದ ಕುಲುಮೆಯನ್ನು ಯಂತ್ರದಿಂದ ಬೇರೆಮಾಡಿ, ಒಂದು ಶಾಟ್‌ಗೆ ಬೇಕಾದಷ್ಟು ಲೋಹವನ್ನು ಮಾತ್ರ ಮೊಗೆದು ಸ್ಲೀವ್ ಎಂಬ ಉಕ್ಕಿನ ಕೊಳವೆಗೆ ಹೊಯ್ದು ತಕ್ಷಣ ತಳ್ಳುವ ಕೋಲ್ಡ್ ಚೇಂಬರ್ ಯಂತ್ರ ಬಂದಿತು. ಇದು ಲೋಹ ಮತ್ತು ಉಕ್ಕು ಒಟ್ಟಿಗಿರುವ ಹೊತ್ತನ್ನು ಕೆಲವೇ ಸೆಕೆಂಡುಗಳಿಗೆ ಇಳಿಸುವ ಉಪಾಯ. ಆದರೂ ಜಗಳ ಪೂರ್ತಿ ನಿಲ್ಲಲಿಲ್ಲ. ಡೈನ ಮುಖಕ್ಕೆ ಅಲ್ಯೂಮಿನಿಯಂ ಅಂಟಿಕೊಳ್ಳುತ್ತದೆ, ಅದಕ್ಕೆ ನಾವು ಸೋಲ್ಡರಿಂಗ್ ಎನ್ನುತ್ತೇವೆ. ಅದನ್ನು ತಡೆಯಲು ಮಿಶ್ರಲೋಹದಲ್ಲಿ ಸುಮಾರು ಒಂದು ಶೇಕಡ ಕಬ್ಬಿಣವನ್ನು ಇರಗೊಡುತ್ತಾರೆ. ಮೊದಲೇ ಹೊಟ್ಟೆ ತುಂಬಿದವನು ಪಕ್ಕದವನ ಎಲೆಗೆ ಕೈಹಾಕುವುದಿಲ್ಲವಷ್ಟೆ! ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಡಿಸಿ 12 ಎಂಬ ಜಪಾನಿ ಗುಣಮಟ್ಟದ ಮಿಶ್ರಲೋಹದಲ್ಲಿ ಸುಮಾರು 10ರಿಂದ 12 ಶೇಕಡ ಸಿಲಿಕಾನ್, ಸ್ವಲ್ಪ ತಾಮ್ರ, ಜೊತೆಗೆ 1.3 ಶೇಕಡದವರೆಗೆ ಕಬ್ಬಿಣ ಇರಬಹುದು. ಸಿಲಿಕಾನ್ ಹರಿಯುವ ಗುಣವನ್ನು ಹೆಚ್ಚಿಸಿ ಕುಗ್ಗುವಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣಕ್ಕೆ ಅವಕಾಶವಿರುವುದರಿಂದ ಗುಜರಿ ಅಲ್ಯೂಮಿನಿಯಮ್ಮಿನಿಂದಲೇ ಇದರ ಇಂಗಾಟ್‌ಗಳನ್ನು, ಅಂದರೆ ಲೋಹದ ಗಟ್ಟಿಗಳನ್ನು, ತಯಾರಿಸಬಹುದು. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು 5 ಶೇಕಡದಲ್ಲಿ ಗುಜರಿಯನ್ನು ಕರಗಿಸಬಹುದು ಎಂಬುದನ್ನು ನೆನೆದರೆ, ಹಳೆಯ ಪಾತ್ರೆಯೊಂದು ಸ್ಕೂಟರಿನ ಎಂಜಿನ್ನಾಗುವ ಲೆಕ್ಕಾಚಾರ ಅರ್ಥವಾಗುತ್ತದೆ. ಇದರ ಬೆಲೆಯನ್ನು ಬೇರೆ ಕಡೆ ತೆರಬೇಕು: ಕಬ್ಬಿಣ ಲೋಹದೊಳಗೆ ಸೂಜಿಯಂಥ ಹರಳುಗಳಾಗಿ ಕೂರುವುದರಿಂದ ಎಡಿಸಿ 12 ಬಾಗುವುದಿಲ್ಲ, ಮುರಿಯುತ್ತದೆ.

ಒಂದು ಶಾಟ್‌ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ಡೈನ ಎರಡು ಅರ್ಧಗಳು ಸುಮಾರು 200 ಡಿಗ್ರಿ ಬಿಸಿಯಲ್ಲಿವೆ. ಅವುಗಳ ಮೇಲೆ ನೀರು ಬೆರೆಸಿದ ಡೈ ಲೂಬ್ರಿಕೆಂಟ್ ಸಿಂಪಡಿಸಿದಾಗ ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಚುಯ್ ಎನ್ನುತ್ತದೆ. ಡೈ ಮುಚ್ಚುತ್ತದೆ. ಸವುಟು 670 ಡಿಗ್ರಿಯ ಆಸುಪಾಸಿನ ಲೋಹವನ್ನು ಸ್ಲೀವ್‌ಗೆ ಸುರಿಯುತ್ತದೆ. ಪ್ಲಂಜರ್ ಮೊದಲು ಮೆಲ್ಲಗೆ ಮುಂದೆ ಸರಿಯುತ್ತದೆ. ಇಲ್ಲಿ ಆತುರಪಟ್ಟರೆ ಲೋಹದಲ್ಲಿ ಅಲೆ ಎದ್ದು ಗಾಳಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತದೆ. ಲೋಹ ಗೇಟಿನ, ಅಂದರೆ ಅಚ್ಚಿನ ಪೊಳ್ಳಿಗೆ ತೆರೆಯುವ ಕಿಂಡಿಯ, ಬಾಯಿಗೆ ಬಂದ ಕ್ಷಣದಲ್ಲಿ ವೇಗ ಹಠಾತ್ತನೆ ಏರುತ್ತದೆ. ಎರಡು ಮಿಲಿಮೀಟರಿನಷ್ಟು ಕಿರಿದಾದ ಗೇಟಿನ ಮೂಲಕ ಲೋಹ ಸೆಕೆಂಡಿಗೆ 40 ಮೀಟರಿನಂತೆ, ಎಂದರೆ ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ನುಗ್ಗಿ, ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಇಡೀ ಪೊಳ್ಳನ್ನು ತುಂಬುತ್ತದೆ. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೂರನೆಯ ಹಂತದಲ್ಲಿ ಯಂತ್ರ ಒತ್ತಡವನ್ನು ಇನ್ನಷ್ಟು ಏರಿಸಿ ಹಿಡಿದುಕೊಳ್ಳುತ್ತದೆ, ಏಕೆಂದರೆ ಅಲ್ಯೂಮಿನಿಯಂ ಗಟ್ಟಿಯಾಗುವಾಗ ಕುಗ್ಗುತ್ತದೆ. ಆ ಕೊರತೆಯನ್ನು ಸ್ಲೀವ್‌ನಲ್ಲಿ ಉಳಿದ ಲೋಹ ತುಂಬಿಕೊಡಬೇಕು. ಗುಂಡಗೆ ಬಿಲ್ಲೆಯಂತೆ ಉಳಿಯುವ ಆ ಲೋಹಕ್ಕೆ ಬಿಸ್ಕೆಟ್ ಎನ್ನುತ್ತಾರೆ. ಬಿಸ್ಕೆಟ್ ತೀರ ತೆಳುವಾಗಿದ್ದರೆ ಲೋಹ ಕಡಿಮೆ ಮೊಗೆದಿದ್ದಾರೆ ಎಂದು ಅರ್ಥ. ಅನುಭವಿಗಳು ಎರಕದ ಮುಖವನ್ನು ನೋಡುವ ಮೊದಲು ಬಿಸ್ಕೆಟ್ ನೋಡುವುದು ಇದಕ್ಕೇ. ಕೆಲವು ಸೆಕೆಂಡುಗಳ ನಂತರ ಡೈ ತೆರೆದು ಎಜೆಕ್ಟರ್ ಪಿನ್ನುಗಳು ಎರಕವನ್ನು ಹೊರತಳ್ಳಿದಾಗ, ಕಾಂಡದಲ್ಲಿ ಕಾಯಿ ಬಿಟ್ಟ ಹಾಗೆ ರನ್ನರ್ (ಲೋಹ ಹರಿದುಬಂದ ಕಾಲುವೆ), ಓವರ್‌ಫ್ಲೋಗಳ (ಹೆಚ್ಚಾದ ಲೋಹ ಸೇರುವ ಗುಳಿಗಳ) ಸಮೇತ ಒಂದು ಗೊಂಚಲು ಕೈಗೆ ಬರುತ್ತದೆ.

ಯಂತ್ರಗಳನ್ನು ಟನ್ನುಗಳಲ್ಲಿ ಏಕೆ ಅಳೆಯುತ್ತಾರೆ ಎಂದು ಕೇಳುತ್ತಾರೆ. ಲೋಹ ಡೈಯನ್ನು ತೆರೆಯಲು ತಳ್ಳುವ ಬಲಕ್ಕಿಂತ ಯಂತ್ರ ಅದನ್ನು ಮುಚ್ಚಿ ಹಿಡಿಯುವ ಬಲ ಹೆಚ್ಚಿರಬೇಕು. ಎದುರಿನಿಂದ ನೋಡಿದಾಗ ರನ್ನರ್ ಎಲ್ಲ ಸೇರಿ 500 ಚದರ ಸೆಂಟಿಮೀಟರ್ ವಿಸ್ತಾರವಿರುವ ಎರಕಕ್ಕೆ ಚದರ ಸೆಂಟಿಮೀಟರಿಗೆ 600 ಕಿಲೋ ಒತ್ತಡ ಕೊಟ್ಟರೆ ತಳ್ಳುವ ಬಲ 3 ಲಕ್ಷ ಕಿಲೋ, ಅಂದರೆ 300 ಟನ್. ಅದಕ್ಕೆ 350 ಅಥವಾ 400 ಟನ್ನಿನ ಯಂತ್ರ ಬೇಕು. ಬಲ ಸಾಲದಿದ್ದರೆ ಡೈ ಕೂದಲೆಳೆಯಷ್ಟು ಬಾಯಿ ತೆರೆದು ಲೋಹ ಸಂದಿಯಲ್ಲಿ ಹಾಳೆಯಂತೆ ಹರಡುತ್ತದೆ. ಆ ಫ್ಲ್ಯಾಶ್ ಅನ್ನು ಅರ ಹಿಡಿದು ಉಜ್ಜುತ್ತ ಕೂರುವವರ ಕೂಲಿಯನ್ನು ದರಪಟ್ಟಿ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಅಲ್ಯೂಮಿನಿಯಮ್ಮಿನ ಈ ಪಿಡಿಸಿ, ಅಂದರೆ ಪ್ರೆಷರ್ ಡೈ ಕಾಸ್ಟಿಂಗ್, ನಮ್ಮ ದೈನಂದಿನ ಬದುಕನ್ನು ಎಷ್ಟು ಸುತ್ತುವರಿದಿದೆಯೆಂದರೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ಸ್ಕೂಟರು, ಬೈಕುಗಳ ಎಂಜಿನ್ನಿನ ಕವಚವಾದ ಕ್ರ್ಯಾಂಕ್‌ಕೇಸು ಮತ್ತು ಗೇರ್ ಕವರು, ಬೀದಿಯ ಎಲ್‌ಇಡಿ ದೀಪದ ರೆಕ್ಕೆರೆಕ್ಕೆಯ ಕವಚ, ಸೀಲಿಂಗ್ ಫ್ಯಾನಿನ ಮೇಲಿನ ಮತ್ತು ಕೆಳಗಿನ ಮುಚ್ಚಳ, ಇಸ್ತ್ರಿಪೆಟ್ಟಿಗೆಯೊಳಗೆ ಕಾಯಿಲನ್ನು ನುಂಗಿ ಕುಳಿತ ತಳಹಲಗೆ ಎಲ್ಲವೂ ಇದೇ ಬಳಗ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಿಂದ ಹೊಸೂರು, ನರಸಾಪುರ, ಮೈಸೂರುಗಳ ವಾಹನ ಕಾರ್ಖಾನೆಗಳವರೆಗಿನ ಪಟ್ಟಿಯಲ್ಲಿ ಓಡಾಡಿದವರಿಗೆ ಈ ಎರಕಗಳನ್ನು ಕ್ರೇಟುಗಳಲ್ಲಿ ತುಂಬಿಕೊಂಡು ಹೋಗುವ ಲಾರಿಗಳು ಅಪರಿಚಿತವಲ್ಲ.

ಕಣ್ಣಿಗೆ ಕಾಣದ ಒಂದು ಬಳಕೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಬಾವಿಯ ದಡದ ಪಂಪಿನ ಮೋಟರಿನಲ್ಲಿ ತಿರುಗುವ ರೋಟರನ್ನು ಬಿಚ್ಚಿ ನೋಡಿದರೆ ಅದು ತೆಳು ಉಕ್ಕಿನ ಬಿಲ್ಲೆಗಳನ್ನು ಒತ್ತಿ ಜೋಡಿಸಿದ ಉರುಳೆ. ಅದರ ಸುತ್ತಲೂ ತೂತುಗಳಿವೆ. ಆ ತೂತುಗಳೊಳಗೆ ಶುದ್ಧ ಅಲ್ಯೂಮಿನಿಯಮ್ಮನ್ನು ಒತ್ತಡದಿಂದ ತುಂಬಿ, ಎರಡೂ ತುದಿಗಳಲ್ಲಿ ಉಂಗುರ ಕೂಡಿಸುತ್ತಾರೆ. ಉಕ್ಕನ್ನು ತೆಗೆದು ನೋಡಿದರೆ ಅಳಿಲಿನ ಪಂಜರದಂತೆ ಕಾಣುವ ಆಕೃತಿ. ಇಲ್ಲಿ ಎಡಿಸಿ 12 ನಡೆಯದು, ಏಕೆಂದರೆ ಬೇಕಾದದ್ದು ಗಟ್ಟಿತನವಲ್ಲ, ವಿದ್ಯುತ್ತಿನ ಸರಾಗ ಹರಿವು. ಒಂದು ಕಂಬಿಯೊಳಗೆ ಗಾಳಿಗುಳ್ಳೆ ಉಳಿದರೂ ಅಲ್ಲಿ ವಿದ್ಯುತ್ತಿನ ದಾರಿ ಕಿರಿದಾಗಿ ಮೋಟರು ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ. ತಾಮ್ರದಲ್ಲೇ ಇದನ್ನು ಎರಕ ಹೊಯ್ದರೆ ಮೋಟರಿನ ದಕ್ಷತೆ ಏರುತ್ತದೆ. ಆದರೆ ತಾಮ್ರ ಕರಗುವುದು ಸುಮಾರು 1085 ಡಿಗ್ರಿಯಲ್ಲಿ, ಆ ಬಿಸಿಗೆ ಡೈ ಬಹಳ ಬೇಗ ಬಿರಿಯುತ್ತದೆ. ಹಿತ್ತಾಳೆಯ ಕಷ್ಟವೂ ಸುಮಾರಾಗಿ ಇದೇ.

ಈಗ ಎರಡನೆಯ ಜಗಳಕ್ಕೆ ಬರೋಣ. ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಲೋಹ ನುಗ್ಗಿದಾಗ ಒಳಗಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಸ್ವಲ್ಪ ಭಾಗ ವೆಂಟು ಎಂಬ ಸಣ್ಣ ಸಂದುಗಳ ಮೂಲಕ ಹೊರಹೋಗುತ್ತದೆ, ಉಳಿದದ್ದು ಲೋಹದೊಳಗೇ ಸಿಕ್ಕಿಕೊಂಡು ಒತ್ತಡಕ್ಕೆ ಮುದುಡಿ ಕೂರುತ್ತದೆ. ಸಭೆಯಲ್ಲಿ ನಾನು ಹ್ಯಾಕ್ಸಾದಿಂದ ಕೊಯ್ದ ಒಂದು ಕವರನ್ನು ಎಲ್ಲರ ಕೈಗೂ ದಾಟಿಸಿದೆ. ಕೊಯ್ದ ಮುಖದ ಅಂಚಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಲೋಹ ಕನ್ನಡಿಯಂತೆ ಒತ್ತೊತ್ತಾಗಿದೆ. ನಡುವೆ ಸೂಜಿಮೊನೆಯಷ್ಟು, ಕೆಲವೆಡೆ ಸಾಸಿವೆಕಾಳಿನಷ್ಟು ತೂತುಗಳು. ಡೈಗೆ ತಾಗಿ ಥಟ್ಟನೆ ಗಟ್ಟಿಯಾದ ಆ ಹೊರಚರ್ಮವೇ ಪಿಡಿಸಿ ಎರಕದ ನಿಜವಾದ ಬಲ.

ಈ ಚರ್ಮದ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ನಾನು ಹಿಂದೆ ಕೆಲಸಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಪಂಪಿನ ಕವರೊಂದನ್ನು ಮರಳಿನ ಎರಕದಿಂದ ಪಿಡಿಸಿಗೆ ಬದಲಾಯಿಸಿದೆವು. ಎರಕಗಳು ನೋಡಲು ಅಂದವಾಗಿ ಬಂದವು. ಮಷೀನಿಂಗ್ ಮುಗಿಸಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಒಂದೊಂದರಿಂದಲೂ ಸಣ್ಣ ಗುಳ್ಳೆಗಳ ಸರ. ಲೋಹವನ್ನು ಬೈದೆವು, ಯಂತ್ರವನ್ನು ಬೈದೆವು, ರಾತ್ರಿ ಪಾಳಿಯವರನ್ನೂ ಬೈದೆವು. ತಪ್ಪು ಇದ್ದದ್ದು ನಾನೇ ಸಹಿ ಹಾಕಿದ ಡ್ರಾಯಿಂಗಿನಲ್ಲಿ: ಮರಳಿನ ಎರಕಕ್ಕೆಂದು ಬಿಟ್ಟಿದ್ದ ಎರಡು ಮಿಲಿಮೀಟರ್ ಮಷೀನಿಂಗ್ ಅಳತೆಯನ್ನು (ಯಂತ್ರದಲ್ಲಿ ಕೆತ್ತಿ ತೆಗೆಯಲೆಂದು ಬಿಡುವ ಹೆಚ್ಚುವರಿ ದಪ್ಪವನ್ನು) ಹಾಗೆಯೇ ಉಳಿಸಿಕೊಂಡಿದ್ದೆ. ಗಟ್ಟಿ ಚರ್ಮವನ್ನು ನಾವೇ ಸುಲಿದು, ತೂತುಗಳಿರುವ ಒಳಭಾಗವನ್ನು ಹೊರಕ್ಕೆ ತಂದಿದ್ದೆವು. ಅಳತೆಯನ್ನು ಅರ್ಧ ಮಿಲಿಮೀಟರಿಗೆ ಇಳಿಸಿ ಡೈ ತಿದ್ದಿದ ಮೇಲೆ ಗುಳ್ಳೆಗಳು ಬಹುಮಟ್ಟಿಗೆ ನಿಂತವು. ಉಳಿದವುಗಳಿಗೆ ಇಂಪ್ರೆಗ್ನೇಷನ್ ಮಾಡಿಸಿದೆವು, ಅಂದರೆ ನಿರ್ವಾತದಲ್ಲಿ ರಾಳವನ್ನು ತೂತುಗಳಿಗೆ ಹೀರಿಸಿ ಗಟ್ಟಿಮಾಡುವುದು.

ಒಳಗೆ ಸಿಕ್ಕ ಗಾಳಿಯಿಂದಾಗಿಯೇ ಮಾಮೂಲು ಪಿಡಿಸಿ ಎರಕಕ್ಕೆ ಪೂರ್ಣ ಉಷ್ಣೋಪಚಾರ (ಬಿಸಿಮಾಡಿ, ತಣಿಸಿ ಬಲ ಹೆಚ್ಚಿಸುವ ಕೆಲಸ) ಮಾಡಲಾಗುವುದಿಲ್ಲ. 500 ಡಿಗ್ರಿಯಲ್ಲಿ ಇಟ್ಟರೆ ಮುದುಡಿ ಕೂತ ಗಾಳಿ ಹಿಗ್ಗಿ, ಮೆತ್ತಗಾದ ಲೋಹದ ಮೇಲೆ ಹಪ್ಪಳ ಕರಿದಾಗ ಏಳುವಂಥ ಬೊಕ್ಕೆಗಳು ಏಳುತ್ತವೆ. ಜೀವವನ್ನು ನೆಚ್ಚಿಕೊಳ್ಳಬೇಕಾದ ಭಾಗಗಳಿಗೆ, ಬಿಸಿಯಲ್ಲಿ ಬಡಿತ ತಿನ್ನುವ ಭಾಗಗಳಿಗೆ ಬೇರೆ ದಾರಿ ಬೇಕಾಯಿತು. ಉಳಿದ ಬಗೆಗಳೆಲ್ಲ ಈ ಅಗತ್ಯದಿಂದ ಹುಟ್ಟಿದವು ಎಂದೇ ನಾನು ತಿಳಿಯುತ್ತೇನೆ.

ಎಂಜಿನ್ನಿನ ಪಿಸ್ಟನ್ನು ಇಂದಿಗೂ ಬಹುಮಟ್ಟಿಗೆ ಜಿಡಿಸಿಯೇ. ಲೋಹ ಶಾಂತವಾಗಿ ಇಳಿಯುತ್ತದೆ, ಗಾಳಿಗೆ ಮೇಲೇರಲು ಹೊತ್ತು ಸಿಗುತ್ತದೆ, ನಂತರ ಉಷ್ಣೋಪಚಾರವೂ ಸಾಧ್ಯ. ಒಳಭಾಗದ ಪೊಳ್ಳಿಗಾಗಿ ಇಡುವ ಉಕ್ಕಿನ ಕೋರನ್ನು ಮೂರು ಅಥವಾ ಐದು ತುಂಡುಗಳಾಗಿ ಮಾಡಿ, ಮೊದಲು ನಡುವಿನದನ್ನು ಎಳೆದು ಆಮೇಲೆ ಪಕ್ಕದವನ್ನು ಒಳಕ್ಕೆ ಸರಿಸಿ ತೆಗೆಯುತ್ತಾರೆ. ಸಕ್ಕರೆ ಅಚ್ಚಿನ ತುಂಡುಗಳನ್ನು ಕ್ರಮ ತಪ್ಪದೆ ಬಿಚ್ಚಿದ ಹಾಗೆ. ಕಾರಿನ ಅಲಾಯ್ ಚಕ್ರಗಳಿಗೆ ಲೋ ಪ್ರೆಷರ್ ಬಗೆ. ಮುಚ್ಚಿದ ಕುಲುಮೆಯ ಮೇಲೆ ಡೈ ಕೂತಿರುತ್ತದೆ. ಕುಲುಮೆಯೊಳಗೆ ಒಂದು ಬಾರ್‌ಗಿಂತ ಕಡಿಮೆ, ಅಂದರೆ ಸ್ಕೂಟರಿನ ಟೈರಿನಲ್ಲಿರುವುದಕ್ಕಿಂತಲೂ ಕಡಿಮೆ ಗಾಳಿಯ ಒತ್ತಡ ಕೊಟ್ಟಾಗ ಲೋಹ ಕೊಳವೆಯೊಂದರಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿ, ಗಾಳಿಯನ್ನು ಮುಂದೆ ಮುಂದೆ ತಳ್ಳುತ್ತ ಅಚ್ಚನ್ನು ತುಂಬುತ್ತದೆ. ಚಕ್ರದ ಅಂಚು ಮೊದಲು, ನಡುಭಾಗ ಕೊನೆಗೆ ಗಟ್ಟಿಯಾಗುವಂತೆ ತಂಪು ಮಾಡುವುದರಿಂದ ಕುಗ್ಗಿದಷ್ಟು ಲೋಹ ಕೊಳವೆಯಿಂದಲೇ ಬರುತ್ತಿರುತ್ತದೆ. ಇದು ನಿಮಿಷಗಟ್ಟಲೆ ಹಿಡಿಯುವ ಕೆಲಸ; ಪಿಡಿಸಿಯ ಅವಸರ ಇಲ್ಲಿಲ್ಲ.

ಪಿಡಿಸಿಯ ವೇಗವನ್ನು ಬಿಡದೆ ಗಾಳಿಯನ್ನು ಗೆಲ್ಲಬೇಕೆಂದವರು ಶಾಟ್‌ಗೆ ಮುಂಚೆಯೇ ಡೈನೊಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಬಗೆಯನ್ನು ಬಳಸಿದರು. ಅಗಲವಾದ ಗೇಟಿನಿಂದ ಮೆಲ್ಲಗೆ ತುಂಬಿ ಆಮೇಲೆ ಭಾರಿ ಒತ್ತಡದಲ್ಲಿ ಹಿಡಿಯುವ ಸ್ಕ್ವೀಜ್ ಕಾಸ್ಟಿಂಗ್, ಕಾರಿನ ಚಕ್ರವನ್ನು ಹಿಡಿದು ತಿರುಗಿಸುವ ಸ್ಟೀರಿಂಗ್ ನಕಲ್‌ನಂಥ ಭಾಗಗಳಿಗೆ ಒದಗಿತು. ಇನ್ನೊಂದು ದಾರಿ ಆಕಸ್ಮಿಕವಾಗಿ ಸಿಕ್ಕಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಮರ್ಟನ್ ಫ್ಲೆಮಿಂಗ್ಸ್ ಅವರ ವಿದ್ಯಾರ್ಥಿ ಡೇವಿಡ್ ಸ್ಪೆನ್ಸರ್, ಅರೆಬರೆ ಗಟ್ಟಿಯಾದ ತವರ ಮತ್ತು ಸೀಸದ ಮಿಶ್ರಲೋಹವನ್ನು ಕಲಕುತ್ತಿದ್ದಾಗ ಅದು ನಿರೀಕ್ಷೆಗಿಂತ ಎಷ್ಟೋ ಸಲೀಸಾಗಿ ಹರಿಯುವುದನ್ನು ಕಂಡರು. ಹೆಪ್ಪಾದ ಮೊಸರು ಕಡೆದಾಗ ತೆಳ್ಳಗಾಗುವಂತೆ. ಅಂಥ ಲೋಹ ಚಿಮ್ಮದೆ ಒಂದೇ ಮುದ್ದೆಯಾಗಿ ಅಚ್ಚಿಗೆ ಹೋಗುವುದರಿಂದ ಗಾಳಿಯನ್ನು ಹಿಡಿದುಕೊಳ್ಳುವುದಿಲ್ಲ. ಸೆಮಿ ಸಾಲಿಡ್ ಎಂಬ ಈ ಬಗೆ ಅಂದವಾದದ್ದು. ಉಷ್ಣತೆಯನ್ನು ಕೆಲವೇ ಡಿಗ್ರಿಗಳ ಒಳಗೆ ಕಾಯುವ ಖರ್ಚಿನಿಂದಾಗಿ ಹೆಚ್ಚು ಹರಡಲಿಲ್ಲ.

ಮೆಗ್ನೀಸಿಯಂ ಈ ಎರಡೂ ಜಗಳಗಳಲ್ಲಿ ಅರ್ಧ ಸಭ್ಯ. ಅದು ಕಬ್ಬಿಣವನ್ನು ಮುಟ್ಟುವುದಿಲ್ಲವಾದ್ದರಿಂದ ಉಕ್ಕಿನ ಮೂಸೆಯಲ್ಲೇ ಕರಗಿಸಬಹುದು, ಸಣ್ಣ ಭಾಗಗಳನ್ನು ಹಾಟ್ ಚೇಂಬರಿನಲ್ಲಿ ತೆಗೆಯಬಹುದು. ಗಾಳಿ ತಾಗಿದರೆ ಮಾತ್ರ ಉರಿಯುತ್ತದೆ, ಆ ಬೆಂಕಿಗೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಇನ್ನೂ ಹೆಚ್ಚುತ್ತದೆ. ಅದಕ್ಕೆ ರಕ್ಷಣೆಯಾಗಿ ಬಳಸುತ್ತಿದ್ದ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ 20,000 ಪಟ್ಟಿಗೂ ಮಿಗಿಲು. ಈಗ ಅದರ ಬದಲಿಗೆ ಬೇರೆ ಅನಿಲಗಳನ್ನು ತರುತ್ತಿದ್ದಾರೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಕವಚ ಮೆಗ್ನೀಸಿಯಮ್ಮಿನದು. ಇಂದು ಸ್ಟೀರಿಂಗ್ ಚಕ್ರದ ಅಸ್ಥಿಪಂಜರ, ಕ್ಯಾಮೆರಾ ಮತ್ತು ಲ್ಯಾಪ್‌ಟಾಪಿನ ಕವಚಗಳಲ್ಲಿ ಅದು ಸಿಗುತ್ತದೆ.

ಕೊನೆಯದಾಗಿ ಈಚಿನ ದೊಡ್ಡ ಸುದ್ದಿ. 2020ರಿಂದೀಚೆಗೆ ಟೆಸ್ಲಾ ಕಂಪನಿ ಇಟಲಿಯ ಇದ್ರಾ ತಯಾರಿಸಿದ ಸುಮಾರು 6,000 ಟನ್ನಿನ ಯಂತ್ರಗಳಲ್ಲಿ ಮಾಡೆಲ್ ವೈ ಕಾರಿನ ಹಿಂಬದಿಯ ತಳಭಾಗವನ್ನು ಎರಕ ಹೊಯ್ಯುತ್ತಿದೆ. ಮೊದಲು ಹತ್ತಾರು ತಗಡಿನ ತುಂಡುಗಳನ್ನು ಬೆಸೆಯುತ್ತಿದ್ದ ಜಾಗವದು. ಅಪಘಾತದಲ್ಲಿ ಮುರಿಯದೆ ಮಡಚಿಕೊಳ್ಳಬೇಕಾದ ಇಂಥ ಭಾಗಕ್ಕೆ ಕಬ್ಬಿಣದ ಸೂಜಿಗಳಿರುವ ಲೋಹ ಸಲ್ಲದು. ಆದ್ದರಿಂದ ಕಬ್ಬಿಣವನ್ನು ತೀರ ಇಳಿಸಿ, ಡೈಗೆ ಅಂಟದಂತೆ ಮ್ಯಾಂಗನೀಸ್ ಸೇರಿಸಿದ ಮಿಶ್ರಲೋಹಗಳು ಬೇಕು, ಜೊತೆಗೆ ವ್ಯಾಕ್ಯೂಮ್ ಬೇಕು. ಯಂತ್ರ ದೊಡ್ಡದಾದರೂ ಜಗಳಗಳು ಹಳೆಯವೇ. ಇಷ್ಟು ದೊಡ್ಡ ಒಂಟಿ ತುಂಡಿಗೆ ಸಣ್ಣ ಗುದ್ದು ಬಿದ್ದರೆ ದುರಸ್ತಿ ಹೇಗೆ ಎಂಬುದರಲ್ಲಿ ನನಗಿನ್ನೂ ಅನುಮಾನವಿದೆ. ವಿದ್ಯುತ್ ವಾಹನ ಬಂದರೆ ಡೈ ಕಾಸ್ಟಿಂಗ್ ಮುಗಿಯಿತು ಎಂಬ ಮಾತನ್ನಂತೂ ಒಪ್ಪಲಾರೆ. ಕ್ರ್ಯಾಂಕ್‌ಕೇಸು ಹೋದ ಜಾಗಕ್ಕೆ ಮೋಟರಿನ ಕವಚ, ಇನ್ವರ್ಟರಿನ ಪೆಟ್ಟಿಗೆಗಳು ಬರುತ್ತಿವೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮೆಕ್ಯಾನಿಕ್ ಒಬ್ಬರು ಎದ್ದು, "ಸಾರ್, ಗಾಡಿ ಬಿದ್ದು ಕ್ರ್ಯಾಂಕ್‌ಕೇಸಿನ ಕಿವಿ ಮುರಿದಿದೆ, ವೆಲ್ಡಿಂಗ್ ಮಾಡಿಸಿದ್ರೆ ನಿಲ್ಲತ್ತಾ?" ಎಂದು ಕೇಳಿದರು. ಟಿಗ್ ವೆಲ್ಡಿಂಗಿನ ವಿದ್ಯುತ್ ಕಿಡಿ ತಾಗಿದೊಡನೆ ಒಳಗಿನ ಗಾಳಿಯೂ ವರ್ಷಗಳಿಂದ ತೂತುಗಳು ಹೀರಿಕೊಂಡ ಎಣ್ಣೆಯೂ ಬುಳುಬುಳು ಎಂದು ಮೇಲೆದ್ದು ಬೆಸುಗೆಯನ್ನು ಜಾಲರಿಯಾಗಿಸುತ್ತವೆ ಎಂದೆ. ಮುರಿದ ಮುಖವನ್ನು ಚೆನ್ನಾಗಿ ಉಜ್ಜಿ, ಎಣ್ಣೆ ತೆಗೆದು, ಬಿಸಿಮಾಡಿ, ಬುಳುಬುಳು ಎದ್ದ ಪದರವನ್ನು ಕೆರೆದು ಮತ್ತೆ ಬೆಸೆದರೆ ಕವರನ್ನು ಹಿಡಿದಿಡುವ ಕಿವಿಗೆ ಸಾಕಾಗಬಹುದು. ಎಂಜಿನ್ನನ್ನು ಚಾಸಿಗೆ ಹಿಡಿಯುವ ಕಿವಿಯಾಗಿದ್ದರೆ ಹೊಸ ಕೇಸನ್ನೇ ಹಾಕಿ ಎಂದೆ. "ಗಿರಾಕಿ ಒಪ್ಪಬೇಕಲ್ಲ ಸಾರ್" ಎಂದು ಅವರು, ನಾನು ದಾಟಿಸಿದ್ದ ಕೊಯ್ದ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ತೂತುಗಳನ್ನು ಇನ್ನೊಮ್ಮೆ ನೋಡಿದರು.